ನಿನ್ನೆಯ ಚೌತಿ

"ಊಟ ಸಿಗದಿದ್ರೆ ಜೀವಕೋಶ ಏನ್ಮಾಡತ್ತೆ?" ಅಮರ್ ಕಾರಿನ ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತ ಕೇಳಿದ. ಪರೀಕ್ಷಾ ಕೇಂದ್ರವಿದ್ದ ಫಾರ್ಮರ್ಸ್ ಬ್ರಾಂಚ್ ಊರಿಗೆ ಇನ್ನೂ ನಾಲ್ಕು ಮೈಲಿಯಿತ್ತು. ಮುಂದೆ ಕಾರುಗಳು ತೆವಳುತ್ತಿದ್ದವು.

ಹಿಂದಿನ ಸೀಟಿನಲ್ಲಿ ಮಹತಿ ಪುಸ್ತಕ ಮುಚ್ಚಿದಳು. "ಲಿವರ್‌ನಲ್ಲಿ ಕೂಡಿಟ್ಟಿದ್ದನ್ನ ತೆಗೆಯತ್ತೆ. ಆಮೇಲೆ ಕೊಬ್ಬು. ಅದರಿಂದ ಎಟಿಪಿ ಮಾಡ್ಕೊಳತ್ತೆ, ಅದೇ ಅದರ ಇಂಧನ."

"ಎಟಿಪಿನೇ ಕೂಡಿಟ್ಕೋಬಾರದಾ?"

"ಆಗಲ್ಲ. ಇರೋದು ಕೆಲವು ಸೆಕೆಂಡಿಗಾಗೋಷ್ಟೇ. ಅದರಲ್ಲಿರೋ ಮೂರು ಫಾಸ್ಫೇಟಲ್ಲಿ ಕೊನೇದು ಕಳಚಿದಾಗ ಶಕ್ತಿ ಸಿಗತ್ತೆ. ಮತ್ತೆ ಅಂಟಿಸ್ಬೇಕು. ಬಿಡುವೇ ಇಲ್ಲ."

"ನೋಡಿದ್ಯಾ," ಮುಂದೆ ಕೂತಿದ್ದ ಅತ್ತೆ ಇಂದುಮತಿ ಅಂದರು. "ಒಂದಿನ ಉಪವಾಸ ಇದ್ರೆ ಏನೂ ಆಗಲ್ಲ ಅಂತ ನಿನ್ನ ಪುಸ್ತಕಾನೇ ಹೇಳತ್ತೆ."

ಅಮರ್ ನಕ್ಕ. ಮಹತಿ ನಗಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಮದುವೆಯಾಗಿ ಈ ದೇಶಕ್ಕೆ ಬಂದವಳು ಅವಳು. ಇವತ್ತಿನ ಪರೀಕ್ಷೆ ಪಾಸಾದರೆ ಮಾತ್ರ ನರ್ಸಿಂಗ್ ತರಗತಿಗೆ ಪ್ರವೇಶ. ಅದಕ್ಕೆಂದೇ ಅತ್ತೆ ಹರಕೆ ಹೊತ್ತು, ಪ್ರತಿ ಸಂಕಷ್ಟಿಗೆ ತಾವೂ ಸೊಸೆಯೂ ಚಂದ್ರ ಕಾಣುವವರೆಗೆ ಏನೂ ತಿನ್ನಬಾರದೆಂದಿದ್ದರು. ಹೋದ ತಿಂಗಳ ಸಂಕಷ್ಟಿಯಂದು ಖಾಲಿ ಹೊಟ್ಟೆಯಲ್ಲಿ ಮಾದರಿ ಪರೀಕ್ಷೆ ಬರೆದಾಗ ಪರದೆಯ ಅಕ್ಷರಗಳು ನೀರಿನಲ್ಲಿದ್ದಂತೆ ಅಲುಗಾಡಿದ್ದವು.

ಫ್ರಿಸ್ಕೋದ ತಮ್ಮ ಮನೆಯ ಗೋಡೆಯ ಮೇಲಿದ್ದದ್ದು ಅತ್ತೆ ಬೆಂಗಳೂರಿನಿಂದ ತಂದ ಕ್ಯಾಲೆಂಡರ್. ಅದರ ಪ್ರಕಾರ ಈ ತಿಂಗಳ ಸಂಕಷ್ಟಿ ಇವತ್ತು. ಇಲ್ಲಿನ ದೇವಸ್ಥಾನದ ಪಂಚಾಂಗವನ್ನು ಮಹತಿ ಮೊನ್ನೆಯೇ ನೋಡಿದ್ದಳು. ನೋಡಿ ಸುಮ್ಮನಿದ್ದಳು.

"ಅತ್ತೆ, ಇಲ್ಲಿ ಚೌತಿ ನಿನ್ನೆಯೇ ಆಗೋಯ್ತು."

ಇಂದುಮತಿ ಪೂರ್ತಿ ಹಿಂದಕ್ಕೆ ತಿರುಗಿದರು. "ನಿನ್ನೆ ಮಧ್ಯಾಹ್ನ ಬಿಸಿಬೇಳೆ ಭಾತ್ ತಿಂದ್ವಲ್ಲೇ."

"ಹೂಂ."

"ಗೊತ್ತಿದ್ದೂ ನಂಗೆ ಎರಡನೇ ಸಲ ಬಡಿಸಿದ್ಯಾ?"

"ಹೇಳೋಕೆ ಭಯ ಆಯ್ತು."

"ಅಮ್ಮ, ಇಲ್ಲಿ ಚಂದ್ರ ಹುಟ್ಟೋ ಹೊತ್ತೇ ಬೇರೆ..."

"ನೀನು ರಸ್ತೆ ನೋಡು."

ಪರೀಕ್ಷಾ ಕೇಂದ್ರದೆದುರು ಕಾರು ನಿಂತಾಗ ಪರೀಕ್ಷೆಗೆ ಇನ್ನು ಹನ್ನೆರಡೇ ನಿಮಿಷ. ಅಮರ್ ತನ್ನ ಆಫೀಸ್ ಬ್ಯಾಗಿನಿಂದ ಬಾಳೆಹಣ್ಣು ತೆಗೆದು ಹಿಂದಕ್ಕೆ ಚಾಚಿದ. ಮಹತಿಯ ಕೈ ಏಳಲಿಲ್ಲ. ಇಂದುಮತಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಪೂರ್ತಿ ಸುಲಿದು, ಹಣ್ಣನ್ನು ಸೊಸೆಯ ಅಂಗೈಯಲ್ಲಿಟ್ಟರು.

"ತಿನ್ನು. ನಾನು ಚಂದ್ರನ್ನ ನೋಡೇ ತಿಂತೀನಿ."

ಮಹತಿ ಮೂರೇ ತುತ್ತಿಗೆ ನುಂಗಿ ಓಡಿದಳು. ಒಳಗೆ ಗುರುತಿನ ಚೀಟಿ ತೋರಿಸುತ್ತ ಗಾಜಿನ ಬಾಗಿಲಿನಾಚೆ ನೋಡಿದಳು. ಅತ್ತೆ ಕಾರಿನಿಂದಿಳಿದಿದ್ದರು. ಸಿಪ್ಪೆ ಹಿಡಿದುಕೊಂಡು, ಎಲ್ಲಿ ಹಾಕುವುದೆಂದು ತಿಳಿಯದೆ, ಆ ದೊಡ್ಡ ಪಾರ್ಕಿಂಗ್ ಬಯಲಿನಲ್ಲಿ ಕಾರುಗಳ ನಡುವೆ ಒಬ್ಬರೇ ನಡೆಯುತ್ತಿದ್ದರು.