ಬರ್ಪೆ ಎಂದು ಹೋದವಳು

ಅಪ್ಪನ ಕಾದಂಬರಿ ಹಿಂದಿ ಸಿನಿಮಾ ಆಗಿ ಬಂದಾಗ ಅದನ್ನು ನೋಡುವ ಭಾಗ್ಯ ಸಿಕ್ಕಿದ್ದು ರಮಿತಾಳಿಗೆ. ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಅಪ್ಪ ಗುರುವಪ್ಪರಿಗೆ ಈಗ ಆಕ್ಸಿಜನ್ ಸಿಲಿಂಡರ್ ಬಿಟ್ಟು ಅಲ್ಲಾಡುವಂತಿರಲಿಲ್ಲ. ಅವಳು ವಾಶಿಯಲ್ಲಿ ಮಧ್ಯಾಹ್ನದ ಆಟ ನೋಡಿ ಮನೆಗೆ ಬಂದರೆ, ಮುದುಕರು ಪುಸ್ತಕ, ಪೆನ್ಸಿಲ್ ಹಿಡಿದು ತಯಾರಾಗಿ ಕೂತಿದ್ದರು. ನೀರು ಕುಡಿಯಲೂ ಬಿಡಲಿಲ್ಲ. ಮನೆಯಲ್ಲಿ ಉಳಿದದ್ದಕ್ಕೆಲ್ಲ ತುಳು, ಪುಸ್ತಕದ ಮಾತಿಗೆ ಮಾತ್ರ ಕನ್ನಡ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅಪ್ಪನ ಆ ಕಾದಂಬರಿ ‘ಗಾಳಿಚೀಟಿ’ ಹೆಗ್ಗಣವೇನೂ ಆಗಿರಲಿಲ್ಲ. ಉಸಿರಾಡಲೂ ಸರ್ಕಾರ ಚೀಟಿ ಕೊಡುವ ಮುಂದಿನ ಕಾಲದ ಊರು ಅದರಲ್ಲಿತ್ತು. ಎದೆ ಸೋತವರನ್ನು ಅಲ್ಲಿ ಗೋಡೆಯಾಚೆ ದಬ್ಬುತ್ತಿದ್ದರು.

“ಗಾಳಿಯ ಕ್ಯೂ ಉಂಟಾ?”

“ಉಂಟು ಪಪ್ಪಾ. ಏಕ್‌ದಮ್ ಪುಸ್ತಕದ ಹಾಗೆ.”

ಪೆನ್ಸಿಲ್ ಗುರುತು ಬಿತ್ತು.

“ನೀಲಿ ಚರಂಡಿ?”

“ಅದೂ ಉಂಟು. ಕಂಪ್ಯೂಟರಲ್ಲಿ ಮಾಡಿದ್ದಂತೆ.”

“ಕಂಪ್ಯೂಟರ್ ಎಂತಕ್ಕೆ? ನಮ್ಮ ಗಲ್ಲಿಗೆ ಬಂದಿದ್ರೆ ಪುಕ್ಕಟೆ ಸಿಗ್ತಿತ್ತು.”

ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಐದು ನಿಮಿಷ ಬೇಕಾಯಿತು. ಪುಟ ತಿರುಗುತ್ತ ಕೊನೆಯ ಅಧ್ಯಾಯ ಹತ್ತಿರವಾಯಿತು. ಅಲ್ಲಿ ಸೈನಿಕರು ತಾಯಿಯನ್ನು ಗೋಡೆಯಾಚೆಗೆ ಎಳೆದೊಯ್ಯುತ್ತಾರೆ. ಹೊಸಿಲಲ್ಲಿ ಅವಳು ಮಗಳಿಗೆ “ಬರ್ತೇನೆ” ಅನ್ನುತ್ತಾಳೆ. ಹೊರಡುವವರು ಹೋಗ್ತೇನೆ ಎನ್ನಬಾರದು, ಅಪಶಕುನ. ಅದಕ್ಕಾಗಿ ಆಡುವ ಮಾತು ಅದು, ಅಷ್ಟೇ. ತಾಯಿ ಬರುವುದಿಲ್ಲ. ಮಗಳು ಬಾಗಿಲ ಚಿಲಕ ಹಾಕುವಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಸಿನಿಮಾದಲ್ಲಿ ತಾಯಿ ಬಂದಿದ್ದಳು. ಗೋಡೆ ಒಡೆದು, ಸೈನಿಕರನ್ನು ಮಣ್ಣುಮುಕ್ಕಿಸಿ, ಮಗಳನ್ನು ಅಪ್ಪಿಕೊಂಡಿದ್ದಳು. ಥಿಯೇಟರ್ ತುಂಬ ಸೀಟಿ. ರಮಿತಾ ಮಾತ್ರ ಬಿಕ್ಕಿಬಿಕ್ಕಿ ಅತ್ತಿದ್ದಳು.

“ಕೊನೆ?” ಗುರುವಪ್ಪ ಪೆನ್ಸಿಲ್ ಎತ್ತಿ ಕಾದರು.

ಹಾಗೇ ಉಂಟು ಎಂದಿದ್ದರೆ ನಡೆಯುತ್ತಿತ್ತು, ಅವರೇನು ನೋಡಲು ಹೋಗುವವರಲ್ಲ. ಆದರೆ ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

“ಅಮ್ಮ ವಾಪಸ್ ಬರ್ತಾಳೆ ಪಪ್ಪಾ.”

“ಯಾವ ಪುಣ್ಯಾತ್ಮನ ತಲೆ ಅದು?”

“ನಂದೇ. ಸಿನಿಮಾದವರಿಗೆ ಹಿಂದಿ ಮಾಡಿ ಕೊಟ್ಟದ್ದು ನಾನಲ್ವಾ? ಬರ್ತೇನೆ ಅನ್ನೋ ಕಡೆ ‘ಲೌಟ್ ಆಊಂಗೀ’ ಅಂತ, ತಿರುಗಿ ಬರ್ತೇನೆ ಅಂತಲೇ ಬರೆದೆ. ಡೈರೆಕ್ಟರ್ ಅದನ್ನೇ ಹಿಡ್ಕೊಂಡ್ರು.”

“ನಮ್ಮಲ್ಲಿ ಬರ್ತೇನೆ ಅಂದ್ರೆ ಎಂತ ಅಂತ ನಿನಗೆ ಗೊತ್ತಿಲ್ವಾ?” ಗುರುವಪ್ಪರಿಗೆ ನಿಜವಾಗಿ ಸಿಟ್ಟು ಬಂದಿತ್ತು.

“ಈಗ ಗೊತ್ತುಂಟು. ಎಂಟು ವರ್ಷದವಳಿರುವಾಗ ಗೊತ್ತಿರ್ಲಿಲ್ಲ.”

ಆ ವರ್ಷ ಕಾರ್ಖಾನೆಯ ಗಾಳಿ ಕುಡಿದೂ ಕುಡಿದೂ ಸೊರಗಿದ್ದ ಅಮ್ಮ ನಳಿನಾಕ್ಷಿ, ಆಸ್ಪತ್ರೆಗೆ ರಿಕ್ಷಾ ಹತ್ತುವಾಗ “ಬರ್ಪೆ ಮಗಾ” ಎಂದಿದ್ದಳು. ಬರ್ತೇನೆ ಎನ್ನುವುದಕ್ಕೆ ತುಳುವಿನ ಮಾತು. ಬರಲಿಲ್ಲ.

“ಎರಡು ವರ್ಷ ಸಂಜೆ ಹೊತ್ತು ಮೆಟ್ಟಿಲಲ್ಲಿ ಕೂರ್ತಿದ್ದೆ ಪಪ್ಪಾ.”

“ಆಡ್ಲಿಕ್ಕೆ ಕೂರೋದು ಅಂದ್ಕೊಂಡಿದ್ದೆ,” ಎಂದರು ಗುರುವಪ್ಪ. ಕೊನೆಯ ಅಧ್ಯಾಯಕ್ಕೆ ಗುರುತು ಹಾಕದೆ ಪುಸ್ತಕ ಮಡಚಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಗುರುವಪ್ಪರ ಉಸಿರು ಮೇಲೆ ಕೆಳಗೆ ಆಯಿತು. ಪಕ್ಕದ ಮನೆಯ ಉಮಾವತಿಯಕ್ಕ ಜೊತೆಗೆ ಬಂದರು. ಆಂಬುಲೆನ್ಸ್ ಠಾಣೆ ನಗರದ ಆಸ್ಪತ್ರೆ ಮುಟ್ಟಿತು. ಐಸಿಯು ಬಾಗಿಲಲ್ಲಿ ಗುರುವಪ್ಪ ಕೈಸನ್ನೆ ಮಾಡಿ ಸ್ಟ್ರೆಚರ್ ನಿಲ್ಲಿಸಿದರು. ಮೂಗಿನ ಮಾಸ್ಕ್ ಕೆಳಗೆ ಜಾರಿಸಿ ಮಗಳನ್ನು ನೋಡಿದರು. ಆ ಒಂದು ಮಾತಿಗಾಗಿ ರಮಿತಾಳ ಜೀವವೆಲ್ಲ ಕಿವಿಗೆ ಬಂದಿತ್ತು.

“ಪೋಪೆ ಮಗಾ,” ಎಂದರು ಗುರುವಪ್ಪ. ಹೋಗ್ತೇನೆ.

“ಅಯ್ಯೋ, ಬಿಡ್ತು ಅನ್ನಿ ಗುರುವಣ್ಣ!” ಉಮಾವತಿಯಕ್ಕ ಕೂಗಿಯೇ ಬಿಟ್ಟರು.

ಗುರುವಪ್ಪ ಬಿಡ್ತು ಅನ್ನಲಿಲ್ಲ. ಬಾಗಿಲು ಮುಚ್ಚಿತು.

ವಾಚ್‌ಮನ್ ಬೆಂಚು ತೋರಿಸಿ, ಕಾಯುವವರು ಅಲ್ಲಿ ಎಂದ. ತಾನಿನ್ನು ಕಾಯಬಾರದೆಂದೇ ಪಪ್ಪ ಆ ಕೆಟ್ಟ ಮಾತು ಆಡಿದ್ದೆಂದು ರಮಿತಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿ ಬೆಂಚಿನ ಮೇಲೆ ಕೂತಳು.