ಕೇರಿಗೆ ಆನ್‌ಲೈನ್

"ಏ ವಿಜಯಶ್ರೀ, ನಿನ್ನ ಭಾಷಣಾ ಕೇಳಾಕ ಕರಸಿಲ್ಲ. ಚಾ ಕೊಟ್ಟ ಮ್ಯಾಲ ಕಂಪ್ಯೂಟರ್ ಮುಂದ ಕುಂದ್ರ. ನಾ ಹೇಳಿದಾಗ ಫೋಟೋ ಹಾಕ, ಅಷ್ಟ."

ಹೆಡ್‌ಮಾಸ್ತರ ಸೋಮಶೇಖರ ಇದನ್ನು ಮೈಕಿನ ಬಾಜೂಕೇ ನಿಂತು ಹೇಳಿದ್ದರಿಂದ ಹುಕ್ಕೇರಿಯ ಆ ಸಭಾಂಗಣದಲ್ಲಿದ್ದ ಮಾಸ್ತರರೆಲ್ಲ ನಕ್ಕರು. ವಿಜಯಶ್ರೀ ಅವನ ಶಾಲೆಯ ಅತಿಥಿ ಶಿಕ್ಷಕಿ. ಅತಿಥಿ ಎಂದು ಹೆಸರಿಟ್ಟವರು ಯಾರೋ, ಶಾಲೆಯಲ್ಲಿ ಅವಳಿಗೊಂದು ಕುರ್ಚಿಯೂ ಇರಲಿಲ್ಲ. ಹೆಡ್‌ಮಾಸ್ತರ ಕಾರಿನಲ್ಲಿ ಬಂದಿದ್ದ. ಊರ ಹೊರಗಿನ ಕೇರಿಯ ವಿಜಯಶ್ರೀ ಶಾಲೆಯ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಗೋಕಾಕ ಬಸ್ಸಿನಲ್ಲಿ ಬಂದಿದ್ದಳು.

ಅಂದಿನ ವಿಷಯ ಮಿಶ್ರ ಕಲಿಕೆ. ತರಗತಿಯನ್ನೂ ಆನ್‌ಲೈನನ್ನೂ ಹೇಗೆ ಬೆರೆಸಿದೆವೆಂದು ಶಿಕ್ಷಕರು ಹೇಳಬೇಕು, ಸೋಫಾದ ಮೇಲೆ ಕುಳಿತ ಶಿಕ್ಷಣ ಇಲಾಖೆಯ ಸಾಹೇಬರು ತಲೆದೂಗಬೇಕು.

"ನಮ್ಮ ಸಾಲಿ ಮ್ಯಾಲಿನ ಮಾಳಗಿ ಮಳ್ಯಾಗ ಕುಸದ ಬಿತ್ರಿ, ಸಾಹೇಬ್ರ. ಹಿರ್ಯಾರು ಸಮುದಾಯ ಭವನ ಬಿಟ್ಟ ಕೊಟ್ರು. ಜಾಗಾ ಸಣ್ಣದು. ಅರ್ಧಾ ಹುಡುಗೋರು ಭವನದಾಗ, ಅರ್ಧಾ ಆನ್‌ಲೈನ್. ಹಿಂಗ ಬೆರಸೀವ್ರಿ," ಎಂದ ಸೋಮಶೇಖರ.

"ಹೆಂಗ ಆರಿಸಿದ್ರಿ?"

"ಆಸಕ್ತಿ ನೋಡಿ, ಸಾಹೇಬ್ರ."

ಆಸಕ್ತಿ ಅಷ್ಟು ಅಚ್ಚುಕಟ್ಟಾಗಿತ್ತು. ಕೇರಿಯ ಒಂದು ಮಗುವಿಗೂ ಭವನದಲ್ಲಿ ಕೂಡುವ ಆಸಕ್ತಿ ಬಂದಿರಲಿಲ್ಲ, ಮೇಲಿನ ಓಣಿಯ ಒಂದು ಮಗುವಿಗೂ ಫೋನಿನಲ್ಲಿ ಕಲಿಯುವ ಆಸಕ್ತಿ ಬಂದಿರಲಿಲ್ಲ. ಭವನದ ಕೀಲಿ ಇಟ್ಟುಕೊಂಡ ಹಿರಿಯ ರಾಚಪ್ಪ ಮೊದಲ ದಿನವೇ ಬಸವಣ್ಣನ ದೊಡ್ಡ ಫೋಟೋದ ಕೆಳಗೆ ನಿಂತು ತೀರ್ಪು ಕೊಟ್ಟಿದ್ದ: "ಕೇರ್ಯಾಗಿನವಕ್ಕ ಫೋನಿನ್ಯಾಗ ಕಲಸ್ರಿ. ಒಳಗ ಪೂಜಾ ಸಾಮಾನ ಅದಾವು."

"ಫೋಟೋ!" ಎಂದ ಸೋಮಶೇಖರ. ಪರದೆಯ ಮೇಲೆ ಗಟಾರದ ದಂಡೆ, ಬೇವಿನ ಗಿಡ, ಒಂದು ಫೋನಿನ ಮೇಲೆ ಬಾಗಿದ ತಲೆಗಳು ಮೂಡಿದವು.

"ಇದು ಸಹಯೋಗದ ಕಲಿಕಿರಿ. ಒಂದ ಫೋನು, ಎಲ್ಲಾರೂ ಕೂಡಿ."

ಚಪ್ಪಾಳೆ ಬಿತ್ತು. ಆ ಫೋನು ವಿಜಯಶ್ರೀಯದು. ಭವನದಲ್ಲಿ ಸೋಮಶೇಖರ ಪಾಠ ಓದಿದರೆ ಗಿಡದ ಕೆಳಗೆ ಫೋನಿಲ್ಲದೆಯೂ ಕೇಳುತ್ತಿತ್ತು. ಫೋನಿನಲ್ಲಿ ಮಾತ್ರ ಕಡಿದು ಕಡಿದು ಬರುತ್ತಿತ್ತು.

"ಈಗ ಲೈವ್ ತೋರಸ್ರಲ್ಲಾ," ಎಂದರು ಸಾಹೇಬರು.

ಸೋಮಶೇಖರ ಅದಕ್ಕೂ ತಯಾರಿದ್ದ. ಅವನ ಹುಕುಮಿನಂತೆ ವಿಜಯಶ್ರೀ ತನ್ನ ಫೋನನ್ನು ನೆರೆಮನೆಯ ಕಾಶೆವ್ವನ ಕೈಗೆ ಕೊಟ್ಟು, ಮಕ್ಕಳನ್ನು ಗಿಡದ ಕೆಳಗೆ ಕೂಡಿಸಲು ಹೇಳಿ ಬಂದಿದ್ದಳು. ಈಗ ಕಂಪ್ಯೂಟರಿನಿಂದ ವಿಡಿಯೊ ಕರೆ ಹಚ್ಚಿದಳು. ಪರದೆ ತುಂಬ ಕಾಶೆವ್ವನ ತೋಯ್ದ ಮುಖ.

"ತಂಗೀ, ಮಳಿ ಹಿಡದೈತಿ. ಹುಡುಗೋರು ತೊಪ್ಪಂತ ತೋಯ್ದಾವ. ಎಲ್ಲಿ ಕುಂದ್ರಸ್ಲೆವ್ವಾ?"

ವಿಜಯಶ್ರೀ ಮೈಕು ಎಳೆದುಕೊಂಡಳು.

"ಭವನದಾಗ ಕರ್ಕೊಂಡ ಹೋಗ, ಅಕ್ಕಾ."

"ಬಿಡ್ತಾರೇನ?"

"ಸಾಹೇಬ್ರು ನೋಡಾಕತ್ತಾರ. ಫೋನ ಮುಂದ ಹಿಡದ ನಡಿ."

"ಏ, ಕಟ್ ಮಾಡ!" ಸೋಮಶೇಖರ ಹಲ್ಲು ಕಡಿದ. ವಿಜಯಶ್ರೀ ಸ್ಪೀಕರಿನ ದನಿ ಏರಿಸಿದಳು.

ಪರದೆ ಓಲಾಡಿತು. ಕೆಸರು, ಪುಟ್ಟ ಪಾದಗಳು, ಭವನದ ಪಾವಟಿಗೆ, ಬಾಗಿಲು. ಹುಕ್ಕೇರಿಯ ಸ್ಪೀಕರುಗಳಲ್ಲಿ ರಾಚಪ್ಪ ಗುಡುಗಿದ:

"ಏ ಸೂಳೇಮಕ್ಕಳ್ರಾ! ಎಲ್ಲಿ ಬರಾಕತ್ತೀರಿ? ಹೊರಗ ನಿಂದರ್ರಿ!"

"ನಾವು ಆನ್‌ಲೈನ್ ಅದೀವ್ರಿ, ಯಪ್ಪಾ," ಅಂದಳು ಕಾಶೆವ್ವ. "ಒಳಗ ಬಂದ್ರೂ ನಿಮಗ ಮುಟ್ಟಂಗಿಲ್ರಿ."

ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಒಬ್ಬ ಮಾಸ್ತರ ಖಾಲಿ ಕಪ್ಪಿನಿಂದಲೇ ಚಹಾ ಕುಡಿದ. ಸಾಹೇಬರು ಗಡಿಯಾರ ನೋಡಿಕೊಂಡು, "ನೆಟ್‌ವರ್ಕ್ ಸಮಸ್ಯಾ ಕಾಣಸ್ತೈತಿ," ಎಂದರು. ಸೋಮಶೇಖರ ವಾಯರು ಕೀಳಲು ಓಡಿ ಬಂದ. ವಿಜಯಶ್ರೀ ಎದ್ದು ಅಡ್ಡ ನಿಂತಳು.

"ಮುಟ್ಟಬ್ಯಾಡ್ರಿ, ಸರ್."

ಅವಳ ಬೆನ್ನ ಹಿಂದೆ, ಪರದೆಯ ಮೇಲೆ, ತೋಯ್ದ ಮಕ್ಕಳು ಒಬ್ಬೊಬ್ಬರಾಗಿ ಜಮಖಾನದ ಮೇಲೆ ಕೂರುತ್ತಿದ್ದರು. ರಾಚಪ್ಪನ ಬಡಿಗೆ ಅವರ ತಲೆಗಳ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು.