ಉಂಡಳೋ ಇಲ್ಲವೋ ಎಂದು ಕೇಳುವವರು

ಖೈರುನ್ನೀಸಾ ಅವರ ಕೈಗೆ ಯಾವ ಕಥೆ ಕೊಟ್ಟರೂ ಅವರು ಮೊದಲು ಹುಡುಕುವುದು, ಅದರಲ್ಲಿ ಹಸಿದವರು ಯಾರು ಎಂಬುದನ್ನು. ನಾಯಕಿ ಕಣ್ಣೀರು ಸುರಿಸುತ್ತ ಮನೆ ಬಿಟ್ಟು ಹೊರಟರೆ ಉಳಿದ ಓದುಗರು ಆಕೆಯ ಜೊತೆ ತಾವೂ ಅಳುತ್ತಾರೆ. ಇವರು ಮಾತ್ರ ಆಕೆ ಒಲೆಯ ಮೇಲಿಟ್ಟು ಬಂದ ಅನ್ನದ ಗತಿ ಏನಾಯಿತೆಂದು ಕೇಳುತ್ತಾರೆ. ಹರಿಹರದ ಒಂದು ಓಣಿಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುತ್ತ ಕೂರುವ, ಏಳನೆಯ ತರಗತಿಗೇ ಶಾಲೆ ಬಿಟ್ಟ ಈ ಹೆಂಗಸಿಗೆ ನನ್ನ ಬರವಣಿಗೆಯ ಮೇಲೆ ಇರುವ ಅಧಿಕಾರವನ್ನು, ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನಾನು ಬೇರೆ ಯಾರಿಗೂ ಕೊಟ್ಟವಳಲ್ಲ. ಕೊಟ್ಟೆ ಎನ್ನುವುದೂ ಸುಳ್ಳು, ಅವರೇ ತೆಗೆದುಕೊಂಡರು.

ನನ್ನ ಗುಟ್ಟನ್ನೂ ಇಲ್ಲಿ ಹೇಳಿಬಿಡಬೇಕು. ದಾವಣಗೆರೆಯ ಸರಸ್ವತಿ ನಗರದಲ್ಲಿ ಶಾಂತಕುಮಾರಿ ಮೇಡಂ ಎಂದು ನಾಲ್ಕು ಜನರಿಂದ ನಮಸ್ಕಾರ ಹಾಕಿಸಿಕೊಳ್ಳುವ ನಾನು, ಮೊಬೈಲಿನ ಒಂದು ಕಥೆಯ ಆ್ಯಪ್‌ನಲ್ಲಿ ಸುಳ್ಳು ಹೆಸರಿಟ್ಟುಕೊಂಡು ಫ್ಯಾನ್ ಫಿಕ್ಷನ್ ಬರೆಯುತ್ತೇನೆ. ಅಂದರೆ ಬೇರೆಯವರು ಹುಟ್ಟಿಸಿದ ಪಾತ್ರಗಳನ್ನು ಎತ್ತಿಕೊಂಡು ಬಂದು ನನ್ನ ಕಥೆಯಲ್ಲಿ ಸಾಕುತ್ತೇನೆ. ಒಂದು ಟಿವಿ ಧಾರಾವಾಹಿಯಲ್ಲಿ ನಾಯಕನಿಗೊಬ್ಬಳು ವಿಧವೆ ಸೋದರತ್ತೆ ಇದ್ದಳು. ಮುನ್ನೂರು ಕಂತು ಎಲ್ಲರಿಗೂ ಬಡಿಸಿದವಳು ಒಂದು ದಿನ ಹಪ್ಪಳ ಒಣಗಿದೆಯೇ ನೋಡಿ ಬರುತ್ತೇನೆಂದು ಮಹಡಿ ಹತ್ತಿದಳು. ಮತ್ತೆ ಇಳಿಯಲೇ ಇಲ್ಲ. ನಟಿ ಬಿಟ್ಟು ಹೋದಳೋ, ಚಾನೆಲ್ಲಿನವರೇ ತೆಗೆದರೋ, ಅಂತೂ ಆ ಮನೆಯ ಒಂದು ನರಪಿಳ್ಳೆಯೂ ಅತ್ತೆ ಎಲ್ಲಿ ಎಂದು ಕೇಳದೆ ಧಾರಾವಾಹಿ ಇನ್ನೆರಡು ವರ್ಷ ಓಡಿ ಮದುವೆಯಲ್ಲಿ ಮುಗಿಯಿತು. ನನಗೆ ಮೈ ಉರಿದುಹೋಯಿತು. ಅವಳನ್ನು ಹಿತ್ತಲ ಬಾಗಿಲಿನಿಂದ ಇಳಿಸಿ, ಊರಿಂದೂರಿಗೆ ನಡೆಸಿ, ಮದುವೆ ಛತ್ರಗಳಲ್ಲಿ ಅಡುಗೆ ಮಾಡಿಸಿ ನಾನು ಬದುಕಿಸತೊಡಗಿದೆ.

ಇಂಥ ಕಥೆಯನ್ನು ಪ್ರಕಟಣೆಗೆ ಮುನ್ನ ಓದಿ ಕುಂದು ಹೇಳುವವರಿಗೆ ಆ ಲೋಕದಲ್ಲಿ ಬೀಟಾ ರೀಡರ್ ಎನ್ನುತ್ತಾರೆ. ಬೇಕಾಗಿದ್ದಾರೆ ಎಂದು ಆ್ಯಪ್‌ನ ಗುಂಪಿನಲ್ಲಿ ಹಾಕಿದೆ. ಬಂದವರಲ್ಲಿ ಬಹಳ ಮಂದಿ ಕಥೆಯನ್ನು ತೆರೆಯದೆಯೇ "ಸೂಪರ್ ಮೇಡಂ" ಎಂದರು. ಬಸವಕಿರಣ್ ಎಂಬವನು ಅತ್ತೆಯ ವಯಸ್ಸು ಇಳಿಸಿ ಒಂದು ಪ್ರೇಮ ಸೇರಿಸಿದರೆ ಓಡುತ್ತದೆಂದು ಬುದ್ಧಿ ಹೇಳಿದ. ಕೊನೆಗೆ ಬಂದದ್ದು ಒಂದು ದನಿಯ ಸಂದೇಶ, ನಡುವೆ ಕುಕ್ಕರಿನ ಸೀಟಿ.

"ಮೇಡಂ, ನಂಗೆ ಟೈಪ್ ಮಾಡಾಕೆ ಬರಲ್ರಿ, ಓದಾಕೆ ಬರ್ತೈತೆ. ಆ ಅತ್ತೆ ಮ್ಯಾಲೆ ಹೋಗಿದ್ದು ನಾನೂ ನೋಡೀನ್ರಿ. ಇಳೀತಾಳೇನೋ ಅಂತ ಒಂದು ವಾರ ಕಾದೆ."

ಕಾದವಳು ನಾನೊಬ್ಬಳೇ ಅಲ್ಲವೆಂದು ತಿಳಿದ ಆ ಕ್ಷಣದಲ್ಲಿ, ಹೇಳಿದರೆ ನಗಬೇಡಿ, ನನಗೆ ಕಣ್ಣೀರು ಬಂತು.

ಹೊಗಳುವುದು ಅವರಿಗೆ ಗೊತ್ತೇ ಇರಲಿಲ್ಲ. "ಇಲ್ಲೊಂದು ಎಳೆ ಬಿಟ್ಟೈತ್ರಿ" ಎಂದೇ ಅವರ ಪ್ರತಿ ಸಂದೇಶವೂ ಶುರುವಾಗುತ್ತಿತ್ತು. ಒಮ್ಮೆ ನಾನು ತುಂಗಭದ್ರೆಯ ಮೇಲಿನ ಸೂರ್ಯಾಸ್ತಮಾನವನ್ನು, ನನ್ನ ಪಾಂಡಿತ್ಯವನ್ನೆಲ್ಲ ಬಸಿದು, ಒಂದು ಪುಟ ವರ್ಣಿಸಿದ್ದೆ. ಉತ್ತರ ಬಂತು: "ಹೊತ್ತು ಮುಣುಗಿದ್ದು ಗೊತ್ತಾತ್ರಿ ಮೇಡಂ. ದೀಪ ಹಚ್ಚಿದವ್ರು ಯಾರು?" ಆ ಪುಟವನ್ನು ನಾನೇ ಹೊಡೆದುಹಾಕಿದೆ.

ಹತ್ತನೆಯ ಅಧ್ಯಾಯದ ಹೊತ್ತಿಗೆ ಕುತೂಹಲ ತಡೆಯಲಾಗದೆ ಬಸ್ಸು ಹತ್ತಿದೆ. ಬಾತಿ ದಾಟಿದರೆ ಹರಿಹರವೇನು ದೂರ. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ಸೀರೆಯ ಮೇಲೆ ಗಂಡಸರ ನೀಲಿ ಕೋಟು. ಕಾರ್ಖಾನೆಯಲ್ಲಿದ್ದ ಗಂಡ ಅಮ್ಜದ್ ತೀರಿಕೊಂಡ ಮೇಲೆ ಉಳಿದದ್ದು. ಅದರ ಜೇಬುಗಳ ತುಂಬ ಬಣ್ಣಬಣ್ಣದ ರೇಷ್ಮೆ ನೂಲಿನ ಉಂಡೆಗಳು. ಮಗಳು ಮಹೀನ್ ಎಷ್ಟು ಹೇಳಿದರೂ ಬೇಸಿಗೆಯಲ್ಲೂ ಅದನ್ನು ಬಿಚ್ಚರು. ಬಹುಕಾಲ ಒಂದು ಕಾಲು ಮಡಚಿ ಕೂತು ಕೂತು ಎದ್ದಾಗ ಆ ಕಾಲನ್ನು ಎಳೆದು ಹಾಕುತ್ತಾರೆ, ನಾಲ್ಕು ಹೆಜ್ಜೆಯ ಮೇಲೆ ಸರಿಹೋಗುತ್ತದೆ. ಪ್ರತಿ ಅಧ್ಯಾಯವನ್ನು ಮೂರು ಸಲ ಓದುತ್ತಿದ್ದರು; ಮೂರನೆಯ ಸಲ, ಕಟ್ಟಿ ಮುಗಿದ ಕುಚ್ಚನ್ನು ಬೆರಳಿಂದ ಸವರುವಂತೆ, ಪರದೆಯ ಮೇಲೆ ಒಂದೊಂದೇ ಸಾಲನ್ನು ಸವರುತ್ತ.

ಹದಿನೆಂಟನೆಯದು ಕೊನೆಯ ಅಧ್ಯಾಯ. ಅತ್ತೆಯನ್ನು ನದೀತೀರದಲ್ಲಿ, ಪ್ರಶಾಂತವಾಗಿ, ಬಿಲ್ವದ ನೆರಳಿನಲ್ಲಿ ಕಣ್ಮುಚ್ಚಿಸಿದ್ದೆ. ಓದಿದವರ ಎದೆ ಬಿರಿಯಬೇಕು, ಹಾಗೆ ಬರೆದಿದ್ದೆ. ಭಾನುವಾರ ಪ್ರಕಟವೆಂದು ಸಾರಿಯೂ ಆಗಿತ್ತು. ಯಾವಾಗಲೂ ಒಂದೇ ದಿನದಲ್ಲಿ ಬರುತ್ತಿದ್ದ ಖೈರುನ್ನೀಸಾ ಅವರ ಸಂದೇಶ ಈ ಸಲ ಮೂರು ದಿನ ತಡೆದು, ಶನಿವಾರ ಬಂತು.

"ಮೇಡಂ, ಹದಿನೆಂಟೂ ಮತ್ತೊಂದ್ಸಲ ಓದಿದೆ. ಆಕಿ ಬಡಿಸಿದ್ದು ನಲವತ್ತು ಸಲ ಐತ್ರಿ. ಉಂಡಿದ್ದು ಒಂದ್ಸಲಾನೂ ಇಲ್ಲ. ನೀವು ಆಕಿ ಉಣ್ಣೋದು ನೋಡೇ ಇಲ್ಲೇನ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೋಪ ಅಂಥದ್ದು. "ನಿಮ್ಮ ಕೆಲಸ ತಪ್ಪು ತೋರಿಸುವುದು, ನನ್ನನ್ನು ವಿಚಾರಿಸುವುದಲ್ಲ" ಎಂದು ಟೈಪು ಮಾಡಿ ಕಳಿಸಿದೆ. "ಆತ್ರಿ ಮೇಡಂ" ಎಂಬ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೆಡವಿದ್ದು.

ಯಾಕೆಂದರೆ ನನಗೂ ಒಬ್ಬ ಸೋದರತ್ತೆ ಇದ್ದಳು. ಸಾರಥಿ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ಉಡಚಮ್ಮತ್ತೆ ಬಡಿಸಿದ್ದನ್ನು ಇಪ್ಪತ್ತೆರಡು ವರ್ಷ ಉಂಡೆ. ಆ ಶನಿವಾರ ಕೂತು ನೆನೆದೆ: ಸೌಟು ಹಿಡಿದ ಕೈ ನೆನಪಾಯಿತು, ಇನ್ನೊಂದು ರೊಟ್ಟಿ ಹಾಕುವ ಮುಂಚಿನ ಅವಳ ಗದರಿಕೆ ನೆನಪಾಯಿತು. ಅವಳು ಉಣ್ಣುವುದು ನೆನಪಾಗಲಿಲ್ಲ. ಎಲ್ಲಿ ಕೂರುತ್ತಿದ್ದಳು, ಯಾವ ಹೊತ್ತಿಗೆ, ಏನು ಇಷ್ಟ, ಒಂದೂ ಗೊತ್ತಿಲ್ಲ. ಅವಳ ಅಣ್ಣತಮ್ಮಂದಿರು ಪಾಲಾದಾಗ ಅವಳು ಒಂದು ಟ್ರಂಕು ಹಿಡಿದು ಚಿಕ್ಕಪ್ಪನ ಊರಿಗೆ ಹೋದಳಂತೆ. ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದೆ, ರಜೆಗೆ ಬಂದಾಗ ಅವ್ವ ಬಡಿಸಿದಳು, ನಾನು ಅತ್ತೆ ಎಲ್ಲಿ ಎಂದು ಕೇಳಲಿಲ್ಲ. ಅವಳು ಸತ್ತ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ. ಮಹಡಿ ಹತ್ತಿದವಳನ್ನು ಕೇಳದ ಆ ಧಾರಾವಾಹಿಯ ಮನೆಯವರ ಮೇಲೆ ಸಿಟ್ಟು ಮಾಡಿಕೊಂಡು ಹದಿನೆಂಟು ಅಧ್ಯಾಯ ಬರೆದೆನಲ್ಲ, ಅವರಲ್ಲಿ ನಾನೂ ಒಬ್ಬಳು.

ಭಾನುವಾರ ಕಥೆ ಹಾಕಲಿಲ್ಲ. ಸೋಮವಾರ ಹರಿಹರಕ್ಕೆ ಹೋದೆ. "ಬರ್ರಿ, ಕೂಡ್ರಿ" ಎಂದರು, ನಡುವೆ ಏನೂ ನಡೆದೇ ಇಲ್ಲವೆಂಬಂತೆ. ನಾನು ಎಲ್ಲವನ್ನೂ ಹೇಳಿದೆ. ಅವರು ಕುಚ್ಚು ಕಟ್ಟುತ್ತಲೇ ಕೇಳಿದರು.

"ಈಗ ಹೇಗೆ ಬರೀಲಿ? ಅಂಥವರು ಹೇಗೆ ಉಣ್ಣುತ್ತಾರೆ, ನೀವಾದರೂ ಹೇಳಿ" ಎಂದೆ.

"ನಂಗೆ ಹೆಂಗೆ ಗೊತ್ತಾಗ್ತೈತ್ರಿ? ನಿಮ್ಮತ್ತೆ ಅವರು. ನೀವು ನೋಡ್ಬೇಕಿತ್ತು."

ಸಮಾಧಾನದ ಒಂದು ಮಾತನ್ನೂ ಅದಕ್ಕೆ ಸೇರಿಸಲಿಲ್ಲ. ಎದ್ದು, ಕಾಲೆಳೆಯುತ್ತ ಒಳಗೆ ಹೋಗಿ ರೊಟ್ಟಿ, ಹೆಸರುಕಾಳಿನ ಪಲ್ಯ ತಂದು ನನ್ನ ಮುಂದಿಟ್ಟರು. "ನೀವು ಉಣ್ರಿ, ನಂದು ಆಮ್ಯಾಲೆ."

"ನೀವು ಕೂರದಿದ್ದರೆ ನಾನು ಮುಟ್ಟುವುದಿಲ್ಲ" ಎಂದೆ.

"ಯಾಕ್ರಿ ಮೇಡಂ ಹಟ" ಎನ್ನುತ್ತ ಕೂತರು, ಕೋಟಿನಲ್ಲೇ. ಕಿರುಬೆರಳಿಗೆ ಸುತ್ತಿದ್ದ ಹಸಿರು ನೂಲನ್ನು ಬಿಚ್ಚದೆ, ಆ ಬೆರಳೊಂದನ್ನು ಮಾತ್ರ ಮೇಲೆತ್ತಿ, ರೊಟ್ಟಿಯ ಗಟ್ಟಿ ಅಂಚನ್ನು ಮೊದಲು ಮುರಿದು ತಿಂದರು. ಮೆತ್ತನೆಯ ನಡುಭಾಗವನ್ನು ಕೊನೆಗೆ, ಯಾರಾದರೂ ಕೇಳಿಯಾರು ಎಂಬಂತೆ, ಉಳಿಸಿಕೊಂಡಿದ್ದರು. ನಾನು ಕಣ್ಣು ಕೀಳದೆ ನೋಡಿದೆ. ಐವತ್ತೆಂಟು ವರ್ಷಗಳಲ್ಲಿ, ಬಡಿಸುವ ಹೆಂಗಸೊಬ್ಬಳು ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಧ್ಯಾಯವನ್ನು ಮತ್ತೆ ಬರೆದೆ. ಬಿಲ್ವವನ್ನೂ ಸಾವನ್ನೂ ತೆಗೆದೆ. ಛತ್ರದ ಹಿಂದಿನ ಕಟ್ಟೆಯ ಮೇಲೆ ಅತ್ತೆ ಒಬ್ಬಳೇ ಕೂತು, ಅಂಚು ಮುರಿದು, ಕಿರುಬೆರಳೆತ್ತಿ ಉಣ್ಣುತ್ತಾಳೆ, ಅಷ್ಟೆ. ಕಳಿಸಿದ ಮರುದಿನ ದನಿ ಬಂತು.

"ಇದು ನಾನ್ರಿ ಮೇಡಂ. ನಿಮ್ಮತ್ತೆ ಅಲ್ಲ. ಇರ್ಲಿ ಬಿಡ್ರಿ. ಉಂಡಳಲ್ಲ."

ಬರೆದವರ ಹೆಸರು ಕಥೆಯ ತಲೆಯ ಮೇಲಿರುತ್ತದೆ. ಇಂಥ ಓದುಗರ ಹೆಸರು ಎಲ್ಲಿಯೂ ಇರುವುದಿಲ್ಲ. ಅವರು ಪಂಕ್ತಿಯ ಕೊನೆಯಲ್ಲಿ ನಿಂತು ಯಾರ ಎಲೆ ಖಾಲಿ ಇದೆಯೆಂದು ನೋಡುವ ಜನ. ಇಂಥವರೊಬ್ಬರು ಸಿಕ್ಕಿದ್ದು ನನ್ನ ಪುಣ್ಯವೆಂದೇ ತಿಳಿದಿದ್ದೇನೆ. ಆದರೆ ಒಂದು ಮಾತು ಈಗ ಬಲ್ಲೆ: ಉಂಡಳೋ ಇಲ್ಲವೋ ಎಂದು ಊರವರನ್ನೆಲ್ಲ ಕೇಳುತ್ತ ಬದುಕುವವರು, ಹೆಚ್ಚಾಗಿ, ಆ ಮಾತನ್ನು ತಮಗೆ ಯಾರೂ ಕೇಳದವರೇ ಆಗಿರುತ್ತಾರೆ.